ಚಾಲುಕ್ಯರ ನಾಡಿನಲ್ಲಿ ಚಂದ್ರನ ಚಿತ್ರ

ಈ ಕಾಲದಲ್ಲಿ ಹುಣ್ಣಿಮೆ ಬಂದಿತೆಂದರೆ ಚಂದ್ರನ ಫೋಟೋ ತೆಗೆಯದವರೇ ವಿರಳವೆನ್ನಬೇಕು. ಬಾದಾಮಿಯ ಅಗಸ್ತ್ಯತೀರ್ಥದ ಕಟ್ಟೆಯ ಮೇಲೆ, ಬಾಗಲಕೋಟೆಯ ನವನಗರದ ಮಾಳಿಗೆಗಳ ಮೇಲೆ, ಹುನಗುಂದ ಇಳಕಲ್ಲುಗಳ ಬಯಲಿನಲ್ಲಿ ಫೋನನ್ನು ಮುಖದೆತ್ತರಕ್ಕೆ ಹಿಡಿದು ನಿಂತವರನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಅವರಿಗೆ ದೊರೆಯುವ ಚಿತ್ರವು ಬಹುಮಟ್ಟಿಗೆ ಕರಿಯ ಹಲಗೆಯ ಮೇಲೆ ಬಿದ್ದ ಸುಣ್ಣದ ಹನಿಯಂತಿರುತ್ತದೆ. ಇದನ್ನು ನೋಡಿ ನಗುವವರೂ ಉಂಟು. ಅವರ ವಾದವು ಹೀಗೆ: 2008ರಲ್ಲಿಯೇ ನಮ್ಮ ದೇಶದ ನೌಕೆಯು ಚಂದ್ರನನ್ನು ಸುತ್ತಿ ಚಿತ್ರಗಳನ್ನು ಕಳುಹಿಸಿತು, 2023ನೆಯ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಕಡೆಗೆ ಇಳಿಯಿತು, ಚಂದ್ರನ ಸುತ್ತ ತಿರುಗುವ ಕ್ಯಾಮೆರಾ ಅಲ್ಲಿಯ ಒಂದು ಗುಂಡುಕಲ್ಲನ್ನೂ ಬಿಡದೆ ತೋರಿಸಬಲ್ಲುದು. ಹೀಗಿರಲು, ಮಾಳಿಗೆಯ ಮೇಲೆ ನಿಂತ ಹವ್ಯಾಸಿಯು ಮತ್ತೊಂದು ಚಿತ್ರವನ್ನು ತೆಗೆದರೆ ಲೋಕಕ್ಕೆ ಏನು ಸಿಕ್ಕಿತು?

ಪ್ರಶ್ನೆಯೇನೋ ನ್ಯಾಯವಾದುದೇ. ಇದಕ್ಕೆ ಉತ್ತರವನ್ನು ಇದೇ ನಾಡಿನ ಇತಿಹಾಸದಲ್ಲಿ ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಚಂದ್ರನನ್ನು ದಾಖಲೆಯೊಳಗೆ ತಂದು ನಿಲ್ಲಿಸುವ ಕೆಲಸವು ಬಾದಾಮಿಯ ಸುತ್ತಮುತ್ತ ಸಾವಿರದ ನಾಲ್ಕುನೂರು ವರ್ಷಗಳಿಗೂ ಹಿಂದೆಯೇ ಆರಂಭವಾಗಿರುವುದು.

ಬಾದಾಮಿಯ ಮೂರನೆಯ ಗುಹೆಯು ವಿಷ್ಣುವಿಗೆ ಮೀಸಲಾದುದು. ಅದನ್ನು ಕೊರೆಯಿಸಿದ ಮಂಗಳೇಶನು ಅಲ್ಲಿ ಒಂದು ಸಂಸ್ಕೃತ ಶಾಸನವನ್ನು ಬರೆಯಿಸಿರುವನು. ಅದರಲ್ಲಿ ಅಣ್ಣನಾದ ಕೀರ್ತಿವರ್ಮನ ಆಳಿಕೆಯ 12ನೆಯ ವರ್ಷವೆಂದೂ, ಶಕವರ್ಷ 500 ಕಳೆದಿತ್ತೆಂದೂ, ಅಂದು ಕಾರ್ತಿಕದ ಮಹಾಪೂರ್ಣಿಮೆಯೆಂದೂ ಸ್ಪಷ್ಟವಾಗಿ ಹೇಳಿದೆ. ಕ್ರಿಸ್ತಶಕಕ್ಕೆ ತಿರುಗಿಸಿದರೆ ಇದು 578ನೆಯ ವರ್ಷದ ಶರತ್ಕಾಲ. ನಮ್ಮ ದೇವಾಲಯ ಶಿಲ್ಪದ ಚರಿತ್ರೆಯನ್ನು ಬರೆಯುವವರಿಗೆ ಈ ಒಂದು ತೇದಿಯು ಎಷ್ಟು ದೊಡ್ಡ ಆಧಾರವೆಂಬುದನ್ನು ವಿವರಿಸಬೇಕಾಗಿಲ್ಲ. ಇದನ್ನು ಊರೆಯಾಗಿ ಇಟ್ಟುಕೊಂಡೇ ಇತರ ಗುಹೆಗಳ ಹಿಂದುಮುಂದನ್ನು ಅವರು ತೂಗುತ್ತಾರೆ.

ಇದಕ್ಕೆ ಎದುರಾಗಿ ಇನ್ನೊಂದು ಶಾಸನವನ್ನು ನೋಡೋಣ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿಯ ಗುಡಿಯಲ್ಲಿ ರವಿಕೀರ್ತಿಯ ಪ್ರಸಿದ್ಧ ಪ್ರಶಸ್ತಿಯಿದೆ. ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ನಾವು ಅರಿತಿರುವುದು ಮುಖ್ಯವಾಗಿ ಅದರಿಂದಲೇ. ಕವಿಯು ತನ್ನನ್ನು ಕಾಳಿದಾಸ ಭಾರವಿಗಳ ಸಾಲಿನಲ್ಲಿ ನಿಲ್ಲಿಸಿಕೊಳ್ಳಲು ಹಿಂಜರಿದವನಲ್ಲ. ಕಾಲವನ್ನು ಹೇಳುವಾಗಲೂ ಭಾರತಯುದ್ಧದಿಂದ ಲೆಕ್ಕಹಾಕಿ 3735 ವರ್ಷಗಳಾದುವೆಂದೂ, ಶಕರಾಜರ ಕಾಲದಿಂದ 556 ವರ್ಷಗಳೆಂದೂ ಗಂಭೀರವಾಗಿ ಎಣಿಸುತ್ತಾನೆ. ಆದರೆ ತಿಥಿಯನ್ನು ಹೇಳಲಿಲ್ಲ. ಅದರ ಫಲವಾಗಿ ಆ ಗುಡಿಯ ವರ್ಷವು 634-35 ಎಂದು ನಮಗೆ ಗೊತ್ತು, ದಿನವು ಗೊತ್ತಿಲ್ಲ. ಮಂಗಳೇಶನ ಗುಹೆಯ ದಿನವೋ ಗೊತ್ತಿದೆ. ಮಹಾಕವಿಯು ಬಿಟ್ಟುದನ್ನು ಗುಹೆಯ ಬರಹಗಾರನು ಬಿಡಲಿಲ್ಲವೆಂಬುದು ಸ್ವಾರಸ್ಯವಾದ ಸಂಗತಿ.

ಹುಣ್ಣಿಮೆಗಿಂತಲೂ ಗ್ರಹಣವು ಇನ್ನೂ ಗಟ್ಟಿಯಾದ ಸಾಕ್ಷಿ. ಪಟ್ಟದಕಲ್ಲಿನಲ್ಲಿ ಜ್ಞಾನಶಿವಾಚಾರ್ಯನೆಂಬ ಶೈವಯತಿಯು ನಿಲ್ಲಿಸಿದ ಕಲ್ಲಿನ ಕಂಬವೊಂದುಂಟು. ಗಂಗೆಯ ಉತ್ತರ ದಡದ ಪ್ರಾಂತದಿಂದ ಬಂದ ಈತನು ತನ್ನ ಶಾಸನವನ್ನು ಎರಡು ಲಿಪಿಗಳಲ್ಲಿ ಬರೆಯಿಸಿದನು: ಒಮ್ಮೆ ಉತ್ತರದ ಲಿಪಿಯಲ್ಲಿ, ಒಮ್ಮೆ ಈ ನಾಡಿನ ಲಿಪಿಯಲ್ಲಿ. ಅದರಲ್ಲಿ ಸೂರ್ಯಗ್ರಹಣದ ಉಲ್ಲೇಖವಿದೆ. ಅದನ್ನು ಹಿಡಿದು ಲೆಕ್ಕ ಹಾಕಿದ ವಿದ್ವಾಂಸರು ಅದು 754ನೆಯ ಜೂನ್ 25ರ ಗ್ರಹಣವೆಂದು ನಿಶ್ಚಯಿಸಿದರು. ಇದರ ಮಹತ್ವವೇನೆಂದರೆ, ರಾಷ್ಟ್ರಕೂಟ ದಂತಿದುರ್ಗನ ಸಾಮನಗಡದ ತಾಮ್ರಶಾಸನವು ಶಕ 675ರದು, ಎಂದರೆ 753-54ರದು. ಅದರಲ್ಲಿ ಆತನು ಚಾಲುಕ್ಯರನ್ನು ಗೆದ್ದವನಾಗಿ ಮೆರೆಯುತ್ತಾನೆ. ಹಾಗಿದ್ದರೂ ಪಟ್ಟದಕಲ್ಲಿನ ಕಂಬದಲ್ಲಿ ಇಮ್ಮಡಿ ಕೀರ್ತಿವರ್ಮನೇ ಇನ್ನೂ ದೊರೆ. ಮುರಿದುಬೀಳುತ್ತಿದ್ದ ಒಂದು ಸಾಮ್ರಾಜ್ಯಕ್ಕೆ ಅದರ ಹೃದಯಸ್ಥಾನದಲ್ಲಿ ಇನ್ನೂ ಉಸಿರಿತ್ತೆಂಬುದನ್ನು ಸೂರ್ಯನ ಮೇಲೆ ಹಾಯ್ದ ಚಂದ್ರಬಿಂಬವು ನಮಗೆ ತಿಳಿಸಿಕೊಟ್ಟಿತು.

ಕನ್ನಡನಾಡಿನ ಶಾಸನಗಳಲ್ಲಿ ಸೋಮಗ್ರಹಣ ಸೂರ್ಯಗ್ರಹಣಗಳ ಕಾಲದಲ್ಲಿ ಧಾರೆಯೆರೆದ ದಾನಗಳು ನೂರಾರು. ದಾನವು ಆಚಂದ್ರಾರ್ಕವಾಗಿ ನಡೆಯಲೆಂದು ಕಲ್ಲಿನ ನೆತ್ತಿಯಲ್ಲಿ ಬಾಲಚಂದ್ರನನ್ನೂ ಸೂರ್ಯಬಿಂಬವನ್ನೂ ಕೆತ್ತುವುದು ನಮ್ಮ ಹಳ್ಳಿಗಳಲ್ಲಿ ಯಾರೂ ಅರಿಯದ ವಿಷಯವಲ್ಲ. ಶ್ರೀಮತಿ ಬಿ. ಎಸ್. ಶೈಲಜಾ ಮತ್ತು ಗೀತಾ ಅವರು ಇಂತಹ ಆಕಾಶವಾರ್ತೆಗಳನ್ನು ಶಾಸನಗಳಿಂದ ಆರಿಸಿ ಒಟ್ಟುಗೂಡಿಸಿ ಪುಸ್ತಕವನ್ನೇ ಹೊರತಂದಿರುವರು. ಆದರೆ ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಶಾಸನಗಳಲ್ಲಿ ಹೇಳಿದ ಗ್ರಹಣಗಳೆಲ್ಲವೂ ಈ ನಾಡಿಗೆ ಕಂಡವುಗಳಲ್ಲ. ಕೆಲವು ಹಗಲಿನಲ್ಲಿ ನಡೆದ ಚಂದ್ರಗ್ರಹಣಗಳು. ಕೆಲವು ಭೂಮಿಯ ಬೇರೆ ಭಾಗಗಳಿಗೆ ಮಾತ್ರ ಗೋಚರವಾದುವು. ಜೋಯಿಸನು ಪಂಚಾಂಗದಲ್ಲಿ ಗುಣಿಸಿ ಹೇಳಿದನು, ದಾನಿಯು ನೀರು ಬಿಟ್ಟನು, ಲಿಪಿಕಾರನು ಬರೆದನು. ಕಂಡ ಗ್ರಹಣ ಬೇರೆ, ಲೆಕ್ಕದ ಗ್ರಹಣ ಬೇರೆ. ಈ ಭೇದವನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ಮುಂದೆ ಇದರ ಅಗತ್ಯ ಬೀಳುವುದು.

ಇನ್ನು ಕ್ಯಾಮೆರಾದ ಮಾತಿಗೆ ಬರೋಣ. ಚಂದ್ರನ ಉಳಿದುಬಂದ ಛಾಯಾಚಿತ್ರಗಳ ಪರಂಪರೆಯು 1840ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಗುವುದು. ಜಾನ್ ವಿಲಿಯಂ ಡ್ರೇಪರ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರು ಬೆಳ್ಳಿಯ ಲೇಪವುಳ್ಳ ತಾಮ್ರದ ಫಲಕವನ್ನು ಇಪ್ಪತ್ತು ನಿಮಿಷಗಳ ಕಾಲ ಚಂದ್ರನ ಬೆಳಕಿಗೆ ಒಡ್ಡಿ ಒಂದು ಬಿಂಬವನ್ನು ಪಡೆದರು. ಆ ಮೇಲೆ ಬಂದವರಲ್ಲಿ ಲಂಡನ್ನಿನ ವಾರೆನ್ ಡಿ ಲಾ ರೂ ಅವರದು ಕಾಗದ ಮತ್ತು ಮುದ್ರಣದ ವ್ಯಾಪಾರ. ನ್ಯೂಯಾರ್ಕಿನ ಲೂಯಿಸ್ ರುದರ್‌ಫರ್ಡ್ ಅವರು ವಕೀಲರು. ರುದರ್‌ಫರ್ಡರು ಛಾಯಾಚಿತ್ರಕ್ಕೆಂದೇ ತಿದ್ದಿ ಮಾಡಿಸಿದ ಮಸೂರದಿಂದ 1865ರಲ್ಲಿ ತೆಗೆದ ಚಂದ್ರನ ಚಿತ್ರಗಳಿಗೆ ಬಹುಕಾಲ ಸಾಟಿಯಿರಲಿಲ್ಲ. ಹೀಗೆ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಜೀವನಕ್ಕೆ ಬೇರೊಂದು ಉದ್ಯೋಗವನ್ನು ಇಟ್ಟುಕೊಂಡು, ತಮ್ಮ ಸ್ವಂತ ಖರ್ಚಿನಿಂದ ರಾತ್ರಿಯ ನಿದ್ರೆಯನ್ನು ಬಿಟ್ಟವರೇ ಮುಖ್ಯರು. ಹವ್ಯಾಸಿಯೆಂಬ ಮಾತು ಇವರ ವಿಷಯದಲ್ಲಿ ತಾತ್ಸಾರದ ಮಾತಲ್ಲ.

ಅದೇ ಕಾಲದಲ್ಲಿ ಕ್ಯಾಮೆರಾ ನಮ್ಮ ನಾಡಿಗೂ ಬಂದಿತು. ಮುಂಬಯಿಯ ಫಿರಂಗಿದಳದ ಅಧಿಕಾರಿ ಥಾಮಸ್ ಬಿಗ್ಸ್ ಅವರಿಗೆ ಛಾಯಾಗ್ರಹಣದ ಹವ್ಯಾಸವಿದ್ದಿತು. ಅದನ್ನು ಅರಿತ ಸರಕಾರವು 1855ರಲ್ಲಿ ಅವರನ್ನು ಪುರಾತನ ಕಟ್ಟಡಗಳ ಚಿತ್ರಗಳನ್ನು ತೆಗೆಯಲು ನೇಮಿಸಿತು. ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಅವರು ಕಾಗದದ ನೆಗೆಟಿವುಗಳ ಮೇಲೆ ಚಿತ್ರಗಳನ್ನು ತೆಗೆದರು. ಊರಿನ ಮನೆಗಳು ಗುಡಿಗಳಿಗೆ ಅಂಟಿಕೊಂಡಿದ್ದ ಕಾಲವದು. ವರ್ಷ ಮುಗಿಯುವುದರೊಳಗೆ ಸೇನೆಯು ಅವರನ್ನು ಹಿಂದಕ್ಕೆ ಕರೆಯಿಸಿಕೊಂಡಿತು. ಅವರ ಕೆಲಸವನ್ನು ಮುಂದುವರಿಸಿದ ಪಿಗೂ ಅವರು ವೈದ್ಯರು, 1858ರಲ್ಲಿ ತೀರಿಕೊಂಡರು. ಇವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪವೆಂಬ ದೊಡ್ಡ ಗ್ರಂಥವಾಗಿ, ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ನರ ಬರಹಗಳೊಡನೆ ಪ್ರಕಟವಾದುವು. ಅದೇ ವರ್ಷ ಹೋಪ್ ಎಂಬ ಅಧಿಕಾರಿಗಳು ಇವರೇ ತೆಗೆದ ಶಾಸನಗಳ ಛಾಯಾಚಿತ್ರಗಳನ್ನು ಬೇರೆಯಾಗಿ ಹೊರತಂದರು. ಫ್ಲೀಟ್ ಸಾಹೇಬರು ಈ ಸಂಗ್ರಹವನ್ನು ಎದುರಿಗಿಟ್ಟುಕೊಂಡು ಹಲವು ಶಾಸನಗಳನ್ನು ಓದಿದರು. ಮೈಸೂರು ಸೀಮೆಯಲ್ಲಿಯೂ ಹೀಗೆಯೇ ಆಯಿತು: ಮೇಜರ್ ಡಿಕ್ಸನ್ನರು 1865ರಲ್ಲಿ ತೆಗೆದ ಶಾಸನಗಳ ಫೋಟೋಗಳೇ 1879ರಲ್ಲಿ ಬಂದ ರೈಸ್ ಸಾಹೇಬರ ಮೊದಲ ಶಾಸನಗ್ರಂಥಕ್ಕೆ ತಳಹದಿ.

ಇದರಿಂದ ಒಂದು ವಿಚಿತ್ರವು ತೋರುವುದು. ಪಶ್ಚಿಮದವರು ಕ್ಯಾಮೆರಾವನ್ನು ಚಂದ್ರನ ಕಡೆಗೆ ತಿರುಗಿಸಿ ಅಲ್ಲಿಯ ಬೆಟ್ಟಗಳನ್ನು ಹುಡುಕುತ್ತಿದ್ದಾಗ, ನಮ್ಮ ನಾಡಿಗೆ ಬಂದ ಕ್ಯಾಮೆರಾ ಹುಣ್ಣಿಮೆ ಗ್ರಹಣಗಳನ್ನು ಬರೆದಿಟ್ಟ ಕಲ್ಲುಗಳ ಕಡೆಗೆ ತಿರುಗಿತು. ಚಂದ್ರನ ಮುಖವು ಫಲಕದ ಮೇಲೆ ಬೀಳುವುದಕ್ಕೆ ಮುಂಚೆ ಚಂದ್ರನ ತಿಥಿಯು ಇಲ್ಲಿ ಫಲಕದ ಮೇಲೆ ಬಿದ್ದಿತು.

ಎರಡು ದಾರಿಗಳೂ ಕೂಡುವ ದಿನವು 1868ನೆಯ ಆಗಸ್ಟ್ 18ರಂದು ಒದಗಿತು. ಅಂದಿನ ಖಗ್ರಾಸ ಸೂರ್ಯಗ್ರಹಣದ ನೆರಳು ಪಶ್ಚಿಮ ಸಮುದ್ರದಿಂದ ಏರಿಬಂದು ಜಮಖಂಡಿ, ಬಿಜಾಪುರ, ಗುಂಟೂರು, ಮಚಲೀಪಟ್ಟಣಗಳ ಮೇಲೆ ಹಾಯ್ದು ಸಯಾಮಿನ ಕಡೆಗೆ ಹೋಯಿತು. ಜಮಖಂಡಿಯು ಈಗ ಬಾಗಲಕೋಟೆ ಜಿಲ್ಲೆಯ ತಾಲ್ಲೂಕು. ಆಗ ಪಟವರ್ಧನರ ಸಂಸ್ಥಾನ. ಸೂರ್ಯನು ಐದು ನಿಮಿಷಗಳಿಗೂ ಮೀರಿ ಮರೆಯಾಗುವ ಅಪೂರ್ವ ಯೋಗವದು. ಲಂಡನ್ನಿನ ರಾಯಲ್ ಸೊಸೈಟಿಯು ಉಪಕರಣಗಳನ್ನು ಒದಗಿಸಿ ಇಂಜಿನಿಯರ್ ದಳದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅವರನ್ನು ಜಮಖಂಡಿಗೆ ಕಳುಹಿಸಿತು.

ಈ ಹರ್ಷೆಲರು ಯಾರು? ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ. ಸರ್ ಜಾನ್ ಹರ್ಷೆಲರ ಮಗ. ಛಾಯಾಚಿತ್ರದ ಚರಿತ್ರೆಯಲ್ಲಿ ತಂದೆಯ ಸ್ಥಾನವು ಸಾಮಾನ್ಯವಾದುದಲ್ಲ. ಫೋಟೋಗ್ರಫಿ ಎಂಬ ಹೆಸರನ್ನೂ, ನೆಗೆಟಿವ್ ಪಾಸಿಟಿವ್ ಎಂಬ ಮಾತುಗಳನ್ನೂ ಪ್ರಚಾರಕ್ಕೆ ತಂದವರು ಅವರೇ. ಬೆಳ್ಳಿಯ ಲವಣಗಳನ್ನು ಕರಗಿಸಿ ಚಿತ್ರವನ್ನು ನಿಲ್ಲಿಸುವ ಹೈಪೋ ದ್ರಾವಣದ ಗುಣವನ್ನು 1819ರಲ್ಲಿಯೇ ಕಂಡವರೂ ಅವರೇ. ಇಂತಹ ತಂದೆಯ ಮಗನು ಜಮಖಂಡಿಗೆ ಬಂದಾಗ ಅವರಿಗೆ ಒಪ್ಪಿಸಿದ್ದ ಕೆಲಸವು ಮಾತ್ರ ಫೋಟೋ ತೆಗೆಯುವುದಲ್ಲ. ದೂರದರ್ಶಕಕ್ಕೆ ರೋಹಿತದರ್ಶಕವನ್ನು ಜೋಡಿಸಿ, ಎಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಯಂತ್ರವನ್ನು ಜೋಡಿಸಿ, ಗ್ರಹಣಕಾಲದಲ್ಲಿ ಚಂದ್ರಬಿಂಬದ ಅಂಚಿನಿಂದ ಚಾಚುವ ಕೆಂಪು ಜ್ವಾಲೆಗಳ ಸ್ವರೂಪವನ್ನು ತಿಳಿಯುವುದು ಅವರ ಪಾಲಿಗೆ ಬಂದಿತ್ತು.

ಶ್ರಾವಣದ ಮೋಡವನ್ನು ಆ ಸೀಮೆಯವರಿಗೆ ನಾವು ಬಣ್ಣಿಸಬೇಕಾಗಿಲ್ಲ. ಬೆಳಗಿನ ಆಕಾಶದಲ್ಲಿ ಮೋಡಗಳು ಒಂದರ ಹಿಂದೆ ಒಂದು ಹಾಯುತ್ತಲೇ ಇದ್ದುವು. ಸೂರ್ಯನು ಪೂರ್ಣವಾಗಿ ಮುಚ್ಚಿಹೋದ ಆ ಐದು ನಿಮಿಷಗಳಲ್ಲಿಯೂ ಮೋಡದ ಬಿರುಕುಗಳಲ್ಲಿ ಸಿಕ್ಕಷ್ಟೇ ನೋಟ. ಅಷ್ಟರಲ್ಲಿಯೇ ಹರ್ಷೆಲರು ಒಂದು ಜ್ವಾಲೆಯನ್ನು ಯಂತ್ರದ ಸೀಳಿಗೆ ಹಿಡಿದರು. ಕಾಮನಬಿಲ್ಲಿನಂತೆ ಎಡೆಬಿಡದ ಪಟ್ಟೆಯು ಕಾಣಲಿಲ್ಲ. ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಹೊಳೆಯುವ ಗೆರೆಗಳು ಮಾತ್ರ ಕಂಡುವು. ಆ ಜ್ವಾಲೆಗಳು ಉರಿಯುವ ಅನಿಲವೆಂಬುದು ಇದರಿಂದ ಸಿದ್ಧವಾಯಿತು. ಅವರ ಜೊತೆಯಲ್ಲಿದ್ದ ಲೆಫ್ಟಿನೆಂಟ್ ಕ್ಯಾಂಬೆಲ್ಲರು ಸೂರ್ಯನ ಸುತ್ತಣ ಪ್ರಭಾವಳಿಯ ಬೆಳಕನ್ನು ಪರೀಕ್ಷಿಸಿದರು. ಬಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ಅವರು ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರದಿಂದಲೇ ಹೊಳಪಿನ ಗೆರೆಗಳನ್ನು ಕಂಡರು. ನಡುವಣ ಆ ಕಿತ್ತಳೆ ಗೆರೆಯನ್ನು ಮೊದಲು ಸೋಡಿಯಂ ಎಂದು ತಿಳಿದವರುಂಟು. ಅದು ಸೋಡಿಯಮ್ಮಿನ ಗೆರೆಯಲ್ಲವೆಂಬುದೂ, ಭೂಮಿಯಲ್ಲಿ ಅದುವರೆಗೆ ಯಾರೂ ಕಾಣದಿದ್ದ ಹೀಲಿಯಮ್ಮಿನದೆಂಬುದೂ ಆಮೇಲೆ ಗೊತ್ತಾದ ಸಂಗತಿಗಳು. ಹೀಲಿಯಂ ಭೂಮಿಯ ಮೇಲೆ ಕೈಗೆ ಸಿಕ್ಕಿದ್ದು 1895ರಲ್ಲಿ.

ಫೋಟೋಗಳನ್ನು ತೆಗೆಯುವ ಹೊಣೆಯು ಗುಂಟೂರಿನಲ್ಲಿದ್ದ ಮೇಜರ್ ಟೆನ್ನಂಟರದು. ಆಗಿನ ಪದ್ಧತಿಯಂತೆ ಗಾಜಿಗೆ ಕೊಲೋಡಿಯನ್ ದ್ರಾವಣವನ್ನು ಹೊಯ್ದು, ಬೆಳ್ಳಿಯ ಉಪ್ಪಿನ ನೀರಿನಲ್ಲಿ ಅದ್ದಿ, ಇನ್ನೂ ಒದ್ದೆಯಾಗಿರುವಾಗಲೇ ಬೆಳಕಿಗೆ ಒಡ್ಡಿ, ಆರುವುದರೊಳಗೆ ಕತ್ತಲೆಕೋಣೆಯಲ್ಲಿ ತೊಳೆದು ಚಿತ್ರವನ್ನು ಹೊರತರಬೇಕು. ನಮ್ಮ ದೇಶದ ಸೆಕೆಯಲ್ಲಿ ಫಲಕವು ಎಷ್ಟು ಬೇಗ ಆರುವುದೆಂಬುದನ್ನು ಊಹಿಸಬಹುದು. ಹೀಗಿದ್ದೂ ಆ ಕೆಲವು ನಿಮಿಷಗಳಲ್ಲಿ ಟೆನ್ನಂಟರ ತಂಡವು ಆರು ಫಲಕಗಳನ್ನು ತೆಗೆಯಿತು. ಕರಿಯ ಚಂದ್ರಬಿಂಬ, ಅದರ ಅಂಚಿನಿಂದ ಕೊಂಬಿನಂತೆ ಎದ್ದ ಒಂದು ಮಹಾಜ್ವಾಲೆ. ಅದು ಸೂರ್ಯನ ಚಿತ್ರವೆಂದು ಪುಸ್ತಕಗಳಲ್ಲಿ ಹೇಳುವುದು ವಾಡಿಕೆ. ಆದರೆ ಅದನ್ನು ಚಂದ್ರನ ಕತ್ತಲೆಯ ಮುಖದ ಚಿತ್ರವೆಂದು ಹೇಳುವುದಕ್ಕೂ ನಮಗೆ ಅಡ್ಡಿ ಕಾಣದು. ಮೂರು ವರ್ಷಗಳ ತರುವಾಯ, 1871ನೆಯ ಡಿಸೆಂಬರ್ 12ರಂದು, ನೆರಳು ಮತ್ತೆ ಕನ್ನಡಿಗರ ನೆಲದ ಮೇಲೆ ಬಿದ್ದಿತು. ಈ ಸಲ ಕಾಸರಗೋಡಿನ ಬಳಿಯ ಬೇಕಲದಲ್ಲಿ. ಆಗ ಅದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ಲಾಕಿಯರ್ ಅವರ ತಂಡವು ಅಲ್ಲಿ ಬೀಡುಬಿಟ್ಟಿತು. ಡೇವಿಸ್ ಎಂಬವರು ಪ್ರಭಾವಳಿಯ ಐದು ಚಿತ್ರಗಳನ್ನು ತೆಗೆದರು.

ಜಮಖಂಡಿಯ ವರದಿಯು ಇಂದಿಗೂ ಉಪಯುಕ್ತವಾಗಿರುವುದಕ್ಕೆ ಕಾರಣವೇನು? ಹರ್ಷೆಲರ ದೂರದರ್ಶಕಕ್ಕಿಂತ ನೂರುಪಾಲು ಉತ್ತಮವಾದ ಯಂತ್ರಗಳು ಈಗ ಇವೆ. ಆದರೆ ಆ ಬೆಳಿಗ್ಗೆ ಆ ಊರಿನಲ್ಲಿ ನಿಂತವರು ಅವರು. ಯಾವಾಗ ಮೋಡ ಬಂದಿತು, ಯಾವಾಗ ಸರಿಯಿತು, ಏನು ಕಂಡಿತು, ಏನು ಕಾಣಲಿಲ್ಲವೆಂಬುದನ್ನು ಮುಚ್ಚುಮರೆಯಿಲ್ಲದೆ ಬರೆದರು. ಹವ್ಯಾಸಿಯ ಚಿತ್ರದಿಂದ ಏನು ಪ್ರಯೋಜನವೆಂದು ಕೇಳುವವರಿಗೆ ನಮ್ಮ ಉತ್ತರವು ಇದೇ: ಸೊಗಸಿನಲ್ಲಿ ಅವನು ನೌಕೆಯನ್ನು ಗೆಲ್ಲಲಾರನು, ಆದರೆ ಇಂತಹ ದಿನ, ಇಂತಹ ಗಳಿಗೆ, ಇಂತಹ ಸ್ಥಳದಿಂದ ಚಂದ್ರನು ಹೀಗೆ ಕಂಡನೆಂಬ ಸಾಕ್ಷ್ಯವನ್ನು ನೌಕೆಯು ಕೊಡಲಾರದು, ಅವನು ಕೊಡಬಲ್ಲನು.

ಈ ಸಾಕ್ಷ್ಯಕ್ಕೆ ಈಗ ಒಂದು ಅಪಾಯವು ಬಂದೊದಗಿದೆ. ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಬೇಡಿದ ಭೇದವು ಇಲ್ಲಿ ಬೇಕಾಗುವುದು. ಚಂದ್ರನ ಕಡೆಗೆ ತಿರುಗಿಸಿದೊಡನೆ ಅದು ಚಂದ್ರನೆಂದು ಗುರುತಿಸಿ, ತಾನು ಮೊದಲೇ ಕಲಿತಿಟ್ಟುಕೊಂಡ ಕಲೆಗಳನ್ನೂ ಕುಳಿಗಳನ್ನೂ ಮಬ್ಬುಚಿತ್ರದ ಮೇಲೆ ತಾನಾಗಿ ತುಂಬಿಕೊಡುವ ಕೈಫೋನುಗಳು ಬಂದಿವೆ. 2023ರಲ್ಲಿ ಇದು ಲೋಕದಲ್ಲೆಲ್ಲ ಚರ್ಚೆಗೆ ಗುರಿಯಾಯಿತು. ಬೇಕೆಂದೇ ಮಸುಕುಮಾಡಿದ ಚಂದ್ರನ ಚಿತ್ರವನ್ನು ತೆರೆಯ ಮೇಲೆ ತೋರಿಸಿ ಅದರ ಫೋಟೋ ತೆಗೆದಾಗ, ತೆರೆಯಲ್ಲಿ ಇಲ್ಲದ ಕುಳಿಗಳು ಫೋಟೋದಲ್ಲಿ ಮೂಡಿದುವು! ಇದು ಜೋಯಿಸನ ಲೆಕ್ಕದ ಗ್ರಹಣವೇ, ಕಂಡ ಗ್ರಹಣವಲ್ಲ. ಜೇಮ್ಸ್ ನ್ಯಾಸ್ಮಿತ್ ಎಂಬ ಇಂಜಿನಿಯರರು 1874ರಲ್ಲಿ ಕಾರ್ಪೆಂಟರರೊಡನೆ ಚಂದ್ರನನ್ನು ಕುರಿತು ಪುಸ್ತಕವನ್ನು ಬರೆದಾಗ, ಆ ಕಾಲದ ಫೋಟೋಗಳಲ್ಲಿ ಕುಳಿಗಳ ವಿವರ ಸಾಲದೆಂದು ಗಾರೆಯಿಂದ ಮಾದರಿಗಳನ್ನು ಮಾಡಿ, ಅವುಗಳ ಮೇಲೆ ಓರೆಯಾಗಿ ಬಿಸಿಲು ಬೀಳುವಂತೆ ಇಟ್ಟು ಫೋಟೋ ತೆಗೆದರು. ಅವು ಮಾದರಿಗಳೆಂದು ಓದುಗರಿಗೆ ತಿಳಿಸಿದರು. ಈಗಿನ ಯಂತ್ರಕ್ಕೆ ಆ ಸೌಜನ್ಯವಿಲ್ಲ. ಆದುದರಿಂದ ಸಾಕ್ಷಿಯಾಗಬೇಕೆನ್ನುವವರು ಫೋನಿನ ಈ ಅಲಂಕಾರವನ್ನು ಮುಚ್ಚಿಯೇ ಚಿತ್ರ ತೆಗೆಯತಕ್ಕದ್ದು. ಸುಣ್ಣದ ಹನಿಯಾದರೂ ಚಿಂತೆಯಿಲ್ಲ.

ಸುಣ್ಣದ ಹನಿಯಾಗಬೇಕಾದ ಅಗತ್ಯವೂ ಇಲ್ಲವೆನ್ನಿ. ಜನರು ರಾತ್ರಿಯೆಂದು ಬಗೆದು ಕ್ಯಾಮೆರಾಕ್ಕೆ ಬಹಳ ಬೆಳಕನ್ನು ಬಿಡುತ್ತಾರೆ. ನಮಗೆ ರಾತ್ರಿ, ಚಂದ್ರನ ಮೇಲೆ ಆಗ ಬಿಸಿಲು. ಬಿಸಿಲಿನಲ್ಲಿ ಬಿದ್ದ ಬಂಡೆಯನ್ನು ಹೇಗೋ ಹಾಗೆಯೇ ಅವನನ್ನೂ ತೆಗೆಯಬೇಕು. ಸೆಕೆಂಡಿನ ನೂರನೆಯ ಒಂದು ಪಾಲು ಕಾಲ ಸಾಕು. ಚಂದ್ರನು ಬೆಳ್ಳಗಿದ್ದಾನೆಂಬ ನಂಬಿಕೆಯೂ ನಿಜವಲ್ಲ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 12 ಪಾಲನ್ನು ಮಾತ್ರ ಅವನು ಹಿಂದಕ್ಕೆ ಕೊಡುವನು. ಡಾಂಬರು ರಸ್ತೆಯ ಬಣ್ಣಕ್ಕೆ ಅವನು ಹತ್ತಿರದ ನೆಂಟ. ಬಾದಾಮಿಯ ಮರಳುಗಲ್ಲು ಅವನಿಗಿಂತ ಬಹಳ ತಿಳಿ. ಸುತ್ತಣ ಆಕಾಶವು ಇಳಕಲ್ಲಿನ ಚಂದ್ರಕಾಳಿ ಸೀರೆಯಂತೆ ಕಪ್ಪಾಗಿರುವುದರಿಂದ ನಮ್ಮ ಕಣ್ಣಿಗೆ ಅವನು ಬೆಳ್ಳಗೆ ತೋರುವನು.

ಗಾತ್ರದ ಲೆಕ್ಕವೂ ಸುಲಭ. ಮಸೂರದ ಸಂಗಮದೂರವನ್ನು 110ರಿಂದ ಭಾಗಿಸಿದರೆ ಬಿಂಬದ ಅಗಲ ಬರುವುದು. 50 ಮಿಲಿಮೀಟರಿನ ಸಾಮಾನ್ಯ ಮಸೂರದಲ್ಲಿ ಚಂದ್ರನು ಅರ್ಧ ಮಿಲಿಮೀಟರೂ ಆಗಲಾರನು; 1000 ಮಿಲಿಮೀಟರಿನ ದೂರದರ್ಶಕದಲ್ಲಿ 9 ಮಿಲಿಮೀಟರು. ಎರಡು ನಿಮಿಷಗಳಲ್ಲಿ ತನ್ನ ಅಗಲದಷ್ಟು ದೂರವನ್ನು ಅವನು ಸರಿಯುವುದರಿಂದ ಮುಕ್ಕಾಲಿಯ ಮೇಲೆ ನಿಲ್ಲಿಸಿದ ಯಂತ್ರವನ್ನೂ ಆಗಾಗ ತಿರುಗಿಸಬೇಕಾಗುವುದು. ಬೆಟ್ಟಗಳನ್ನು ಕಾಣಬೇಕಾದರೆ ಹುಣ್ಣಿಮೆ ಒಳ್ಳೆಯದಲ್ಲ. ನೆತ್ತಿಯ ಬಿಸಿಲಿನಲ್ಲಿ ನೆರಳೇ ಇಲ್ಲದಂತೆ ಎಲ್ಲವೂ ಚಪ್ಪಟೆ. ಶುಕ್ಲ ಅಷ್ಟಮಿಯ ಸುಮಾರಿಗೆ ಬೆಳಕು ಕತ್ತಲೆಗಳ ಗಡಿಯಲ್ಲಿ ಕುಳಿಗಳ ನೆರಳು ಉದ್ದವಾಗಿ ಬೀಳುವುದು. ಆಗ ಬೆಳಕು ಹುಣ್ಣಿಮೆಯ ಹತ್ತನೆಯ ಒಂದು ಪಾಲಿನಷ್ಟೇ ಎಂಬುದನ್ನು ಮರೆಯಬಾರದು. ಗುಡಿಯೊಡನೆ ಚಂದ್ರನನ್ನು ತೆಗೆಯಬೇಕೆಂಬುವರಿಗೆ ಚತುರ್ದಶಿಯ ಸಂಜೆಯೇ ಲೇಸು. ಸೂರ್ಯನು ಮುಳುಗುವ ಮೊದಲೇ ಚಂದ್ರನು ಮೂಡಿರುತ್ತಾನೆ. ಬಾದಾಮಿಯ ಕೆರೆಯ ಪಶ್ಚಿಮದ ಕಟ್ಟೆಯಲ್ಲಿ ನಿಂತರೆ ಇಳಿಬಿಸಿಲು ಭೂತನಾಥನ ಗುಡಿಯ ಮೇಲೂ ಅದರ ಹಿಂದಣ ಬಂಡೆಯ ಮೇಲೂ ಬಿದ್ದಿರುವಾಗ, ಅದೇ ಬಂಡೆಯ ಮೇಲಿನಿಂದ ಚಂದ್ರನು ಏರುವನು. ಕಲ್ಲಿಗೂ ಚಂದ್ರನಿಗೂ ಒಂದೇ ಅಳತೆಯ ಬೆಳಕು ಸಾಕಾಗುವುದು.

ಒಂದೇ ಮಸೂರದಿಂದ ಒಂದು ವರ್ಷಕಾಲ ತಿಂಗಳು ತಿಂಗಳೂ ತೆಗೆದು, ದಿನ ವೇಳೆ ಸ್ಥಳಗಳನ್ನು ಬರೆದಿಟ್ಟವರಿಗೆ ಕಣ್ಣು ತೋರಿಸದ ಎರಡು ಸಂಗತಿಗಳು ಕಾಣುವುವು. ಚಂದ್ರನು ಹತ್ತಿರ ದೂರಗಳಿಗೆ ಹೋಗಿಬರುವುದರಿಂದ ಬಿಂಬವು ಹೆಚ್ಚುಕಡಿಮೆ ಎಂಟನೆಯ ಒಂದು ಪಾಲು ಹಿಗ್ಗಿ ಕುಗ್ಗುವುದು ಒಂದು. ಇನ್ನೊಂದು, ಅವನು ಸದಾ ಒಂದೇ ಮುಖವನ್ನು ತೋರಿಸುವನೆಂಬ ಮಾತು ಪೂರ್ತಿ ಸತ್ಯವಲ್ಲವೆಂಬುದು. ತೊಟ್ಟಿಲಿನಂತೆ ಸ್ವಲ್ಪ ತೂಗಾಡುತ್ತಾ, ನೂರಕ್ಕೆ 59 ಪಾಲನ್ನು ಅವನು ನಮಗೆ ತೋರಿಸಿಬಿಡುತ್ತಾನೆ. ನಾವು ಮೊಲವೆನ್ನುವ ಕಲೆಗಳು ಅಂಚಿನ ಹತ್ತಿರಕ್ಕೆ ಹೋಗಿಬರುವುದನ್ನು ಚಿತ್ರಗಳನ್ನು ಜೊತೆಗಿಟ್ಟು ಅಳೆಯಬಹುದು. ತೇದಿಯಿಲ್ಲದ ಚಿತ್ರಗಳಿಂದ ಇವೆರಡೂ ಸಾಧ್ಯವಿಲ್ಲ.

ತೇದಿಯನ್ನು ಬರೆಯದವರಿಗೆ ಕೆಲವು ವೇಳೆ ಚಂದ್ರನೇ ನೆರವಾಗುವುದುಂಟು. ಆನ್ಸೆಲ್ ಆಡಮ್ಸ್ ಎಂಬ ಅಮೆರಿಕದ ಛಾಯಾಗ್ರಾಹಕರು ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರನು ಏರುವ ಜಗತ್ಪ್ರಸಿದ್ಧ ಚಿತ್ರವೊಂದನ್ನು ತೆಗೆದರು. ಅದನ್ನು ತೆಗೆದ ವರ್ಷವನ್ನೇ ಅವರು ಒಂದೊಂದು ಕಡೆ ಒಂದೊಂದಾಗಿ ಹೇಳುತ್ತಿದ್ದರು. ಕಡೆಗೆ ಖಗೋಳಜ್ಞರು ಚಿತ್ರದಲ್ಲಿ ಚಂದ್ರನು ನಿಂತ ಎತ್ತರವನ್ನೂ ಅವನ ಕಲೆಯನ್ನೂ ಅಳೆದರು. ಎಲ್ಮೋರ್ ಅವರಿಗೆ ಬಂದ ಉತ್ತರ 1941ನೆಯ ಅಕ್ಟೋಬರ್ 31. ಚಿತ್ರ ತೆಗೆದ ಸ್ಥಳವನ್ನು ಆಮೇಲೆ ಡಿ ಚಿಕೊ ಅವರು ಹೆಚ್ಚು ನಿಖರವಾಗಿ ಗುರುತಿಸಲಾಗಿ, ಅದು ನವೆಂಬರ್ 1ರ ಸಂಜೆ ನಾಲ್ಕು ಗಂಟೆ ನಲವತ್ತೊಂಬತ್ತು ನಿಮಿಷವೆಂದು ತಿದ್ದುಪಡಿಯಾಯಿತು. ನಮ್ಮ ಪಂಚಾಂಗದಂತೆ ಅದೂ ಕಾರ್ತಿಕ ಶುಕ್ಲಪಕ್ಷದ ಚಂದ್ರನೇ. ಎರಡು ಲೆಕ್ಕಗಳಿಗೂ ಒಂದು ದಿನದ ಅಂತರವು ಬಿದ್ದುದನ್ನು ಗಮನಿಸಬೇಕು.

ಬಾಗಲಕೋಟೆಯವರಿಗೆ ಇದು ದೂರದ ಮಾತಲ್ಲ. ಆಲಮಟ್ಟಿಯ ಹಿನ್ನೀರು ಏರಿ ಘಟಪ್ರಭೆಯ ದಡದ ಹಳೆಯ ಊರಿನ ಎಷ್ಟೋ ಓಣಿಗಳು ನೀರಿನ ಪಾಲಾದುವು. ಜನರು ನವನಗರಕ್ಕೆ ಬಂದರು. ಮುಳುಗಿದ ಮನೆಗಳ ಮಾಳಿಗೆಯ ಮೇಲೆ ಚಂದ್ರನಿರುವ ಹಳೆಯ ಫೋಟೋಗಳು ಯಾರ ಪೆಟ್ಟಿಗೆಯಲ್ಲಿಯಾದರೂ ಇದ್ದರೆ, ಹಿಂದೆ ಏನೂ ಬರೆಯದೆಯೇ ಇದ್ದರೂ, ಆ ಓಣಿ ಯಾವುದೆಂದು ನೆನಪಿರುವ ಹಿರಿಯರು ಇರುವ ತನಕ ಅವುಗಳ ದಿನವನ್ನು ಗೊತ್ತುಮಾಡಬಹುದು. ಅವರು ಹೋದ ಮೇಲೆ ಚಂದ್ರನೂ ಏನನ್ನೂ ಹೇಳಲಾರನು. ಅಂತಹ ಚಿತ್ರಗಳನ್ನು ಈಗಲೇ ತೆಗೆದು ಹಿಂಬದಿಯಲ್ಲಿ ಓಣಿಯ ಹೆಸರನ್ನು ಸೀಸದ ಕಡ್ಡಿಯಿಂದ ಬರೆಯಿಸಿಕೊಳ್ಳುವುದು ಒಳ್ಳೆಯದು. ಮಸಿ ಬೇಡ, ಅದು ಮುಂಭಾಗಕ್ಕೆ ಇಳಿಯುತ್ತದೆ.

ಖಗ್ರಾಸದ ನೆರಳು 1980ನೆಯ ಫೆಬ್ರವರಿ 16ರಂದು ಕಾರವಾರದಿಂದ ಗದಗು ರಾಯಚೂರುಗಳ ಕಡೆಗೆ ಮತ್ತೊಮ್ಮೆ ಹಾಯ್ದಾಗ ನಮ್ಮ ಜನರಲ್ಲಿ ಅನೇಕರು ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. ಚಂದ್ರಗ್ರಹಣಕ್ಕಾದರೋ ಕಣ್ಣಿನ ಭಯವೂ ಇಲ್ಲ. 2028ನೆಯ ಡಿಸೆಂಬರ್ 31ರ ರಾತ್ರಿ ಖಗ್ರಾಸ ಚಂದ್ರಗ್ರಹಣವಿದೆ; ನಮ್ಮ ದೇಶಕ್ಕೆ ಆರಂಭದಿಂದ ಕೊನೆಯವರೆಗೂ ಗೋಚರ. ಎಂಟೂವರೆ ದಾಟಿದ ಮೇಲೆ ನೆರಳು ಹಿಡಿಯುವುದು; ಹತ್ತು ಗಂಟೆಗೆ ಸ್ವಲ್ಪ ಮುಂಚೆ ಬಿಂಬವು ಪೂರ್ತಿಯಾಗಿ ಮುಳುಗಿ, ಒಂದು ಗಂಟೆಗೂ ಮೀರಿ ತಾಮ್ರದ ಬಣ್ಣವನ್ನು ತಾಳಿರುವುದು. ಆಗ ಸೆಕೆಂಡಿನ ನೂರನೆಯ ಪಾಲಿನ ಲೆಕ್ಕವು ನಡೆಯದು, ಒಂದು ಎರಡು ಸೆಕೆಂಡುಗಳಾದರೂ ಬೇಕು, ಮುಕ್ಕಾಲಿಯಿಲ್ಲದೆ ಸಾಗದು. ಆ ಹೊತ್ತಿಗೆ ಬಾದಾಮಿಯಲ್ಲಿ ಚಂದ್ರನು ಬಹಳ ಎತ್ತರಕ್ಕೆ ಏರಿರುವುದರಿಂದ ಗುಡಿಯೂ ಗ್ರಹಣವೂ ಒಂದೇ ಚಿತ್ರದಲ್ಲಿ ಸೇರಲಾರವು. ಕೆರೆಯ ಮೇಲೆ ಅವನು ಮೂಡುವುದನ್ನೂ ಬೇಕೆನ್ನುವವರು ಸಂಜೆ ಆರು ಗಂಟೆಗೆ ಮೊದಲೇ ಕಟ್ಟೆಯ ಮೇಲೆ ಹಾಜರಿರಬೇಕು.